ಕ್ರಾಬ್‌ವೆಲ್ ಸಾಹೇಬರು ವಂಶದಿಂದ ಹೊರಬಿದ್ದದ್ದು

ತನಿಯಪ್ಪನ ರಜೆಯ ಅರ್ಜಿ ಮೂರನೆಯ ಸಲ ವಾಪಸು ಬಂದಾಗ ಅದರ ಮೇಲೆ ಚಹಾ ಲೋಟದ ದುಂಡು ಗುರುತು ಬಿದ್ದಿತ್ತು. ಮೊದಲೆರಡು ಸಲ ಸಾಹೇಬರು ಬರೀ 'ಇಲ್ಲ' ಎಂದು ಬರೆದು ಕಳಿಸಿದ್ದರು. ಈ ಸಲ ಲೋಟ ಇಟ್ಟಿದ್ದಾರೆಂದರೆ ಅರ್ಜಿ ಸ್ವಲ್ಪ ಹೊತ್ತಾದರೂ ಮೇಜಿನ ಮೇಲೆ ಇತ್ತು ಎಂದಾಯಿತು. ತನಿಯಪ್ಪ ಅದನ್ನೇ ಪ್ರಗತಿ ಎಂದು ತಿಳಿದುಕೊಂಡ.

"ತನಿಯಣ್ಣ, ನಾನೆಂತ ಮಾಡ್ಲಿ ಹೇಳಿ," ಎಂದ ಎಚ್‌ಆರ್‌ನ ಸುಮಿತ್. ಅವನು ಉಡುಪಿಯವನು, ಸಜ್ಜನ; ಕಂಪನಿಯ ನಿಯಮಗಳ ಪುಸ್ತಕ ಬಿಟ್ಟು ಬೇರೆ ದುಶ್ಚಟವಿರಲಿಲ್ಲ. "ಶಟ್‌ಡೌನ್ ನಡೆಯುವಾಗ ರಜೆ ಹತ್ತಿರದ ಕುಟುಂಬಕ್ಕೆ ಮಾತ್ರ. ಹತ್ತಿರದ ಕುಟುಂಬ ಅಂದ್ರೆ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ. ನೀವು ಬರೆದದ್ದು ತಂಗಿಯ ಮಗಳ ಮದುವೆ."

"ತಂಗಿಯ ಮಗಳು ಹತ್ತಿರ ಅಲ್ವಾ ಮಾರಾಯ? ಹೆಂಡತಿ ಬೇರೆ ಕುಟುಂಬದವಳು. ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು. ನನ್ನ ಕುಟುಂಬ ಅಂತ ಇರುವುದೇ ತಂಗಿ ಮತ್ತು ಅವಳ ಮಗಳು."

"ಅದು ನಮ್ಮ ಊರಲ್ಲಿ ಆಯ್ತು. ಇಲ್ಲಿ ಪಾಲಿಸಿ ಉಂಟು." ಸುಮಿತ್ ಪುಸ್ತಕದ ಮೇಲೆ ಕೈಯಿಟ್ಟ. "ಕ್ಲೈಂಟ್ ಅಪ್ರೂವ್ ಮಾಡಿದ ಕಾಗದ ಏನಾದ್ರೂ ಇದ್ರೆ ತನ್ನಿ. ಕ್ಲೈಂಟ್ ಒಪ್ಪಿದ್ದು ನಮ್ಮ ಪಾಲಿಸಿಗಿಂತ ಮೇಲೆ. ಕಣ್ಣು ಮುಚ್ಚಿ ಸೀಲ್ ಹಾಕ್ತೇನೆ. ಇಲ್ಲದಿದ್ರೆ ಖಲಾಸ್."

ಕ್ಲೈಂಟ್ ಎಂದರೆ ಕೆಲಸ ಕೊಟ್ಟ ದೊಡ್ಡವರು. ಕುವೈತಿನ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಒಂದು ಘಟಕವನ್ನು ನಲವತ್ತು ದಿನ ನಿಲ್ಲಿಸಿ ರಿಪೇರಿ ಮಾಡುವ ಗುತ್ತಿಗೆ ತನಿಯಪ್ಪನ ಕಂಪನಿಯದು. ಆ ಕಂಪನಿಯಲ್ಲಿ ಅವನು ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆಗಳಿಗೆ ನಂಬರು ಕೊಡುವುದು, ಯಾರ್ಯಾರಿಗೆ ಹೋಗಬೇಕೋ ಅವರಿಗೆ ಕಳಿಸುವುದು, ಹಳತಾದ ನಕ್ಷೆಯ ಮೇಲೆ 'ಸೂಪರ್ಸೀಡೆಡ್' ಎಂಬ ಕೆಂಪು ಸೀಲು ಹೊಡೆದು ಯಾರೂ ಅದನ್ನು ನಂಬದಂತೆ ಮಾಡುವುದು, ಇವು ಅವನ ಕೆಲಸ. ಹದಿನಾರು ವರ್ಷದಿಂದ ಆ ಸೀಲು ಹೊಡೆದೂ ಹೊಡೆದೂ ಅವನಿಗೆ ಜಗತ್ತಿನಲ್ಲಿ ಎರಡೇ ಜಾತಿಯ ವಸ್ತುಗಳು ಕಾಣುತ್ತಿದ್ದವು: ಚಾಲ್ತಿಯಲ್ಲಿರುವುದು, ಸೀಲು ಬಿದ್ದದ್ದು.

ಆ ದಿನವೇ ಹಳೆಯಂಗಡಿಯಿಂದ ತಂಗಿ ಆಶಾಲತಾಳ ಫೋನು ಬಂತು.

"ಅಣ್ಣಾ, ನೀನು ಬರ್ತೀಯೋ ಇಲ್ವೋ ಒಂದು ಹೇಳು. ಅಮಿತಾಳನ್ನು ಮಂಟಪಕ್ಕೆ ಕರ್ಕೊಂಡು ಬರ್ಲಿಕ್ಕೆ ಸೋದರಮಾವ ಬೇಕು. ನೀನಿಲ್ಲದಿದ್ರೆ ತಾನು ನಿಲ್ತೇನೆ ಅಂತ ದೂಮಣ್ಣ ಹೇಳ್ತಿದ್ದಾನೆ."

ದೂಮಣ್ಣ ಅವರ ಚಿಕ್ಕಮ್ಮನ ಮಗ. ತನಿಯಪ್ಪ ಕುವೈತಿಗೆ ಹೊರಟ ದಿನದಿಂದ ಅವನ ಕುರ್ಚಿಯ ಮೇಲೆ ಕಣ್ಣಿಟ್ಟವನು.

"ಅವನು ಯಾರು ನಿಲ್ಲಲಿಕ್ಕೆ?"

"ಬಿಳಿ ಅಂಗಿ ಹೊಲಿಸಿ ಆಯ್ತು ಅವನದ್ದು."

ಬಿಳಿ ಅಂಗಿಯ ಸುದ್ದಿ ಕೇಳಿದ ಮೇಲೆ ತನಿಯಪ್ಪ ಮಧ್ಯಾಹ್ನದ ಊಟ ಬಿಟ್ಟು ಮದುವೆಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸಿದ. ಅಂಗಿ ಹೊಲಿಸಿದ ಮನುಷ್ಯ ಹಿಂದೆ ಸರಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಡ್ವೈಟ್ ಕ್ರಾಬ್‌ವೆಲ್ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಅವನ ಮೇಜಿಗೆ ಬಂದರು. ಅಮೆರಿಕದವರು, ಆರಡಿ ಮೂರಂಗುಲ, ತಾನು ಸಾಮಾನ್ಯ ಮನುಷ್ಯನಲ್ಲ ಎಂಬುದನ್ನು ಲಿಫ್ಟಿನಲ್ಲಿ ಸಿಕ್ಕವರಿಗೂ ತಿಳಿಸುವವರು. ಕಾರಣ, ಅವರ ಮೂಲಪುರುಷ ಫಿಯರ್-ನಾಟ್ ಕ್ರಾಬ್‌ವೆಲ್ ಎಂಬಾತ ೧೬೩೫ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಮ್ಯಾಸಚೂಸೆಟ್ಸಿಗೆ ಬಂದಿಳಿದ ಪ್ಯೂರಿಟನ್. ಮೊದಮೊದಲ ಹಡಗುಗಳಲ್ಲಿ ಬಂದವರ ವಂಶಸ್ಥರದೇ ಒಂದು ಸಂಘವಿದೆ. ಅದರ ಸದಸ್ಯನಾಗುವುದು ಕ್ರಾಬ್‌ವೆಲ್ಲರ ಜನ್ಮದ ಆಸೆ. ಅರ್ಜಿಯ ಜೊತೆ ವಂಶವೃಕ್ಷ ಬೇಕಿತ್ತು.

"ಇದರಲ್ಲಿ ಉಯಿಲು, ಚರ್ಚಿನ ದಾಖಲೆ, ಅಜ್ಜಿಯ ಟಿಪ್ಪಣಿ, ನನ್ನ ಕಸಿನ್ ಒಬ್ಬಳು ಬರೆದ ದಪ್ಪ ಪುಸ್ತಕ ಎಲ್ಲ ಇದೆ," ಎಂದರು. "ನನಗೆ ಓದಲು ಸಮಯವಿಲ್ಲ. ಇದನ್ನೆಲ್ಲ ಒಂದು ಹಾಳೆಗೆ ಇಳಿಸುವವರು ಯಾರಾದರೂ ಇದ್ದಾರಾ?"

ಇಲ್ಲಿ ತನಿಯಪ್ಪ ಸುಮ್ಮನಿರಬೇಕಿತ್ತು. ಆದರೆ ಎರಡು ವರ್ಷದ ಹಿಂದೆ ಊರಿಗೆ ಹೋಗಿದ್ದಾಗ ತನ್ನ ಕುಟುಂಬದ ಮನೆಗೆ ಅವನೇ ಒಂದು ವಂಶವೃಕ್ಷ ಬರೆದು ಫ್ರೇಮು ಹಾಕಿಸಿ ಗೋಡೆಗೆ ಹೊಡೆದಿದ್ದ. ಅಂದಿನಿಂದ ತನ್ನನ್ನು ಆ ಶಾಸ್ತ್ರದ ಪಂಡಿತ ಎಂದು ಭಾವಿಸಿದ್ದ.

"ಫ್ಯಾಮಿಲಿ ಟ್ರೀ, ಸರ್? ಐ ಆಮ್ ಎಕ್ಸ್‌ಪರ್ಟ್," ಎಂದುಬಿಟ್ಟ.

"ನಿಜವಾದ ಕುಟುಂಬದವರು ಮಾತ್ರ ಇರಬೇಕು. ಮದುವೆಯಾಗಿ ಬಂದು ಸೇರಿದವರು, ಬೇರೆ ಕುಟುಂಬಕ್ಕೆ ಸೇರಿದವರು ಯಾರೂ ಬೇಡ. ಶುದ್ಧ ಸಾಲು."

"ನಮ್ಮಲ್ಲೂ ಹಾಗೇ ಸರ್. ಆಮೇಲೆ, ನನ್ನ ರಜೆ..."

"ಮೊದಲು ವೃಕ್ಷ. ಆಮೇಲೆ ರಜೆ."

ಶುಕ್ರವಾರ ಬೆಳಿಗ್ಗೆ ಅಬ್ಬಾಸಿಯಾ ಬಡಾವಣೆಯ ತನ್ನ ರೂಮಿನಲ್ಲಿ ಪೆಟ್ಟಿಗೆ ಬಿಚ್ಚಿಕೊಂಡಿತು. ಒಂದು ಮಂಚದ ಮೇಲೆ ತನಿಯಪ್ಪ, ಇನ್ನೊಂದರ ಮೇಲೆ ಅವನ ಜೊತೆಗಾರ ರುಡಾಲ್ಫ್. ರುಡಾಲ್ಫ್ ಬಜ್ಪೆಯವನು, ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡುವವನು, ಕ್ರಿಸ್ತನ ಬಗ್ಗೆ ಏನು ಸಂಶಯವಿದ್ದರೂ ಆ ರೂಮಿನಲ್ಲಿ ಅವನೇ ಅಂತಿಮ.

"ಪೊರ್ಬುಲೇ, ಈ ಪ್ಯೂರಿಟನ್ ಅಂದ್ರೆ ಯಾರು?" ಎಂದು ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು ತನಿಯಪ್ಪ ಅವನನ್ನು ಕೇಳಿದ.

ರುಡಾಲ್ಫ್ ಒಂದು ಕಾಗದ ಎತ್ತಿ ಓದಿದ. ಮುಖ ಕೆಂಪಾಯಿತು.

"ಸಾಯ್ಬಾ! ಕಡು ಮಡಿಯ ಪಂಥದ ಕ್ರಿಶ್ಚನ್ನರಂತೆ. ಇಲ್ಲಿ ನೋಡು. ಕ್ರಿಸ್ಮಸ್ ಆಚರಿಸಿದವರಿಗೆ ದಂಡವಂತೆ! ದೇವರು ಹುಟ್ಟಿದ ದಿನ ಕೆಲಸಕ್ಕೆ ಹೋಗಬೇಕಂತೆ! ಇವರು ಕ್ರಿಶ್ಚನ್ನರಾ, ನಮ್ಮ ಸೈಟ್ ಇಂಜಿನಿಯರುಗಳಾ?"

ಅಷ್ಟರಲ್ಲಿ ಕೆಳಗಿನ ಬಕಾಲದ ಮೊಯ್ದಿನಬ್ಬ ಮೊಟ್ಟೆ ಕೊಡಲು ಬಂದರು. ಉಪ್ಪಿನಂಗಡಿಯವರು, ಮೂವತ್ತೊಂದು ವರ್ಷದಿಂದ ಅಂಗಡಿ ನಡೆಸುತ್ತಿರುವವರು. ಮೊಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಹಡಗು, ಸಮುದ್ರ, ಊರು ಬಿಟ್ಟವರು ಎಂದು ಕೇಳಿದ ಮೇಲೆ ಅವರಿಗೆ ಏಳಲಾಗಲಿಲ್ಲ.

"ಎಂಥದ್ದು ಹೊಸತು ಇದರಲ್ಲಿ, ತನಿಯಣ್ಣ? ಒಬ್ಬ ಮೊದಲು ಹೋಗುವುದು. ಆಮೇಲೆ ತಂಗಿ, ಭಾವ, ಭಾವನ ತಮ್ಮ ಎಲ್ಲರನ್ನೂ ಎಳೆಯುವುದು. ನಾನೂ ಹಾಗೇ ಬಂದದ್ದು. ಈ ಜನಕ್ಕೆ ಜಾಮೀನು ನಿಂತ ಕಫೀಲ್ ಯಾರು?"

"ಕಫೀಲ್ ಇಲ್ಲ, ಮೊಯ್ದಿನಬ್ಬಾಕ."

"ವಾಸದ ಚೀಟಿ, ಇಕಾಮಾ?"

"ಅದೂ ಇಲ್ಲ."

"ಯಾ ಅಲ್ಲಾಹ್! ಹಾಗಾದ್ರೆ ನಾನೂರು ವರ್ಷದಿಂದ ಓವರ್‌ಸ್ಟೇ! ನಿನ್ನ ಸಾಹೇಬನಿಗೆ ಹೇಳು, ಇದನ್ನೆಲ್ಲ ಎಲ್ಲಿಯೂ ತೋರಿಸಬೇಡ ಅಂತ."

ಹೆಸರುಗಳೂ ವಿಚಿತ್ರವಾಗಿದ್ದವು. ಫಿಯರ್-ನಾಟ್ ಎಂದರೆ ಹೆದರಬೇಡ. ಅವನ ತಂಗಿ ಪೇಶನ್ಸ್, ಅಂದರೆ ತಾಳ್ಮೆ. ಅವಳ ಮಗಳು ಸಬ್ಮಿಟ್, ತಗ್ಗಿ ನಡೆ ಎಂದು. ಮೊಮ್ಮಗಳು ಸೈಲೆನ್ಸ್, ಮೌನ ಎಂದು. ಈ ಸೈಲೆನ್ಸ್ ಎಂಬವಳು ಪಕ್ಕದ ಮನೆಯ ಹಂದಿಯ ಮೇಲೆ ಕೋರ್ಟಿನಲ್ಲಿ ಹೇಳಿದ ಸಾಕ್ಷಿಯೇ ಒಂಬತ್ತು ಪುಟವಿತ್ತು. ರುಡಾಲ್ಫ್ ನಕ್ಕ. ತನಿಯಪ್ಪ ನಗಲಿಲ್ಲ. ಶನಿವಾರ ಹುಟ್ಟಿದ ತಪ್ಪಿಗೆ ತನಿಯ ಎಂದು ಹೆಸರಿಡಿಸಿಕೊಂಡವನಿಗೆ ಇನ್ನೊಬ್ಬರ ಹೆಸರಿಗೆ ನಗುವ ಹಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವನು ಕೆಲಸಕ್ಕೆ ಕೂತ. ಸಾಹೇಬರು ಹೇಳಿದ್ದು ಶುದ್ಧ ಸಾಲು. ಬೇರೆ ಕುಟುಂಬದವರು ಬೇಡ. ತುಳುನಾಡಿನ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದ ಯಾರಿಗೂ ಇದರಲ್ಲಿ ಗೊಂದಲವಿಲ್ಲ. ಕುಟುಂಬ ತಾಯಿಯಿಂದ. ಗಂಡಸು ಕುಟುಂಬದವನು ಹೌದು, ಆದರೆ ಅವನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಅವನ ವಾರಸುದಾರರು ಅಕ್ಕತಂಗಿಯರ ಮಕ್ಕಳು. ಆದ್ದರಿಂದ ತನಿಯಪ್ಪ ಮೇಲೆ ಫಿಯರ್-ನಾಟನನ್ನೂ ಪಕ್ಕದಲ್ಲಿ ತಂಗಿ ಪೇಶನ್ಸಳನ್ನೂ ಬರೆದ. ಪೇಶನ್ಸಳಿಂದ ದಪ್ಪ ಕಪ್ಪು ಗೆರೆ ಕೆಳಗಿಳಿಸಿದ. ಫಿಯರ್-ನಾಟನಿಗೆ ಏಳು ಗಂಡುಮಕ್ಕಳಿದ್ದರು. ಏಳು ಮಂದಿಯೂ ಅವರ ತಾಯಿಯ ಕುಟುಂಬಕ್ಕೆ ಹೋದರು. ಅಲ್ಲಿಗೆ ಇಡೀ ಕ್ರಾಬ್‌ವೆಲ್ ಮನೆತನ ಮೊದಲನೆಯ ತಲೆಮಾರಿಗೇ ಮುಗಿಯಿತು.

"ಅಲ್ಲ ಮಾರಾಯ, ನಿನ್ನ ಸಾಹೇಬ ಎಲ್ಲಿ?" ಎಂದು ರುಡಾಲ್ಫ್ ಹಾಳೆಯ ಮೇಲೆ ಬಗ್ಗಿ ಹುಡುಕಿದ.

"ಅವರು ಮಗನ ಕಡೆಯವರು. ಲೆಕ್ಕಕ್ಕಿಲ್ಲ."

"ಸಂಬಳ ಕೊಡುವವನನ್ನು ಲೆಕ್ಕಕ್ಕಿಲ್ಲ ಅಂತ ಬರಿತೀಯಾ? ಮಂಡೆ ಸಮ ಉಂಟಾ ನಿಂಗೆ? ನಮ್ಮಲ್ಲಿ ಎಲ್ಲ ಅಪ್ಪನ ಕಡೆಯಿಂದ. ಅಮೆರಿಕದಲ್ಲೂ ಹಾಗೇ."

"ಅಪ್ಪ ಯಾರು ಅಂತ ಅಮ್ಮ ಹೇಳಿದಷ್ಟು ಊರಿಗೆ ಗೊತ್ತು," ಎಂದರು ಮೊಯ್ದಿನಬ್ಬ. "ಅಮ್ಮ ಯಾರು ಅಂತ ಸೂಲಗಿತ್ತಿಗೇ ಗೊತ್ತು. ತನಿಯಣ್ಣನದ್ದೇ ಗಟ್ಟಿ."

ತನಿಯಪ್ಪ ಸುಲಭವಾಗಿ ಒಪ್ಪುವವನಲ್ಲದಿದ್ದರೂ ಹೊಗಳಿಕೆಯನ್ನು ಒಪ್ಪಿಕೊಂಡ. ಆದರೂ ಮನೆಗೆ ಬಂದ ಮಗನ ಮಕ್ಕಳಿಗೆ ಊಟ ಹಾಕುವುದಿಲ್ಲವೇ? ಕ್ರಾಬ್‌ವೆಲ್ ಶಾಖೆಯನ್ನು ಅವನು ಬದಿಯಲ್ಲಿ ಚುಕ್ಕೆಗೆರೆಯಲ್ಲಿ ತೋರಿಸಿ 'ಸೌಜನ್ಯಕ್ಕೆ' ಎಂದು ಬರೆದ. ಅದರ ಮೇಲೆ ನಿಯಮದಂತೆ ಕೆಂಪು ಸೀಲು ಹೊಡೆದ: ಸೂಪರ್ಸೀಡೆಡ್. ೧೭೪೨ರಲ್ಲಿ ಹುಟ್ಟಿದ ಎಬೆನೀಜರ್ ಎಂಬವನ ಚರ್ಚಿನ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿತ್ತು. ನಕ್ಷೆಗಳಲ್ಲಿ ಖಚಿತವಿಲ್ಲದ ಭಾಗದ ಸುತ್ತ ಮೋಡದ ಆಕಾರ ಬರೆದು 'ಹೋಲ್ಡ್' ಎನ್ನುತ್ತಾರೆ. ತನಿಯಪ್ಪ ಎಬೆನೀಜರನ ಸುತ್ತ ಮೋಡ ಬರೆದು, 'ಹೋಲ್ಡ್. ತಂದೆ ಯಾರೆಂದು ಸಂಬಂಧಪಟ್ಟವರು ತಿಳಿಸುವುದು' ಎಂದು ನಮೂದಿಸಿದ.

ದಪ್ಪ ಗೆರೆ ಮಾತ್ರ, ಉಯಿಲು, ಚರ್ಚಿನ ದಾಖಲೆ, ಅಜ್ಜಿಯ ಟಿಪ್ಪಣಿಗಳನ್ನು ಒಂದಕ್ಕೊಂದು ಜೋಡಿಸಿದ ಮೇಲೆ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಎಲ್ಲೂ ಮುರಿಯದೆ ಹನ್ನೆರಡು ತಲೆಮಾರು ಇಳಿದು, ದಪ್ಪ ಪುಸ್ತಕದ ೪೧೧ನೆಯ ಪುಟದಲ್ಲಿ ಒಬ್ಬ ಹೆಂಗಸಿನ ಬಳಿ ನಿಂತಿತು: ಲೊರೇನ್ ಡಗ್ಗನ್, ಇಂಜಿನಿಯರ್, ಕೊಲ್ಲಿ ದೇಶದಲ್ಲಿ ವಾಸ.

ತನಿಯಪ್ಪ ಎರಡು ಸಲ ಓದಿದ. ಲೊರೇನ್ ಡಗ್ಗನ್ ಕ್ಲೈಂಟ್ ಕಡೆಯ ಸುರಕ್ಷತಾ ಮುಖ್ಯಸ್ಥೆ. ಹೆಲ್ಮೆಟ್ ಹಾಕದ ತಪ್ಪಿಗೆ ಕ್ರಾಬ್‌ವೆಲ್ಲರನ್ನು ಹೋದ ವಾರವಷ್ಟೇ ಇನ್ನೂರು ಮಂದಿಯೆದುರು ಸೈಟಿನಿಂದ ಹೊರಗೆ ನಡೆಸಿದ್ದವಳು. ಇಂಥದ್ದು ಎಲ್ಲಿ ನಡೆಯುತ್ತದೆ ಎನ್ನುವವರು ಅಬ್ಬಾಸಿಯಾಕ್ಕೆ ಬಂದು ನೋಡಬೇಕು. ಹಳೆಯಂಗಡಿಯ ಒಂದೇ ಓಣಿಯ ಏಳು ಮಂದಿ ಅಲ್ಲಿ ಒಂದೇ ಕಟ್ಟಡದಲ್ಲಿದ್ದಾರೆ.

ಹಾಳೆಯ ಬಲಬದಿಯಲ್ಲಿ ನಕ್ಷೆಗಳಲ್ಲಿರುವಂತೆ ಟಿಪ್ಪಣಿಗಳು ಬೇಕಲ್ಲ. ತನಿಯಪ್ಪ ಮೂರು ಬರೆದ. ಒಂದು: ಕುಟುಂಬ ತಾಯಿಯಿಂದ ಇಳಿಯುತ್ತದೆ. ಎರಡು: ಗಂಡುಮಕ್ಕಳ ಮಕ್ಕಳು ಚುಕ್ಕೆಗೆರೆಯಲ್ಲಿದ್ದಾರೆ. ಮೂರನೆಯದನ್ನು ಬರೆಯುವಾಗ ಅವನ ಕಣ್ಣಮುಂದೆ ದೂಮಣ್ಣನ ಬಿಳಿ ಅಂಗಿ ಬಂತು. ಒತ್ತಿ ಬರೆದ: 'ಸಹೋದರಿಯ ಮಗಳು ಹತ್ತಿರದ ಕುಟುಂಬ. ಅವಳ ಮದುವೆಗೆ ಸೋದರಮಾವ ಹಾಜರಿರತಕ್ಕದ್ದು.'

ಭಾನುವಾರ ಆಫೀಸಿಗೆ ಹೋದವನು ಹಾಳೆಯನ್ನು ಸ್ಕ್ಯಾನ್ ಮಾಡಿದ. ಹದಿನಾರು ವರ್ಷದಲ್ಲಿ ನಂಬರಿಲ್ಲದ ಒಂದೇ ಒಂದು ಕಾಗದವನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಹಾಗಾಗಿ ಅಭ್ಯಾಸಬಲದಿಂದ ನಂಬರು ಕೊಟ್ಟ: ಎಫ್‌ಎಎಂ ೦೦೦೧, ರಿವಿಜನ್ ಸೊನ್ನೆ ಅಂದರೆ ಇನ್ನೂ ತಿದ್ದದ ಮೊದಲ ಪ್ರತಿ, ಒಪ್ಪಿಗೆಗಾಗಿ. ಗುಂಡಿ ಒತ್ತಿದ. ಒಪ್ಪಿಗೆಗಾಗಿ ಎಂದು ಒತ್ತಿದ ಯಾವ ಕಾಗದವೂ ಯಂತ್ರದೊಳಗಿನ ಪಟ್ಟಿಯಂತೆ ಕಂಪನಿಯ ಎಲ್ಲ ವಿಭಾಗಗಳಿಗೂ ಕ್ಲೈಂಟಿಗೂ, ಒಟ್ಟು ನಲವತ್ತಮೂರು ಮಂದಿಗೆ, ತಾನಾಗಿಯೇ ಹೋಗುತ್ತದೆ. ಅದು ಹೋಯಿತು.

ಹತ್ತು ಗಂಟೆಗೆ ಅಭಿಪ್ರಾಯಗಳು ಬರತೊಡಗಿದವು.

ಪೈಪಿಂಗ್ ವಿಭಾಗ: 'ಹರಿವಿನ ದಿಕ್ಕು ತೋರಿಸಿಲ್ಲ. ಬಾಣದ ಗುರುತು ಹಾಕಿ.'

ಸಿವಿಲ್ ವಿಭಾಗ: 'ವೃಕ್ಷದ ತಳಪಾಯದ ಲೆಕ್ಕ ಲಗತ್ತಿಸಿಲ್ಲ.'

ಎಲೆಕ್ಟ್ರಿಕಲ್: 'ನಮಗೆ ಸಂಬಂಧವಿಲ್ಲ. ಆದರೂ ಒಪ್ಪಿದೆ.'

ಸ್ಟೋರಿನಿಂದ: 'ಫಿಯರ್-ನಾಟ್ ಸ್ಟಾಕ್ ಇಲ್ಲ. ದುಬೈಯಿಂದ ತರಿಸಬೇಕಾದರೆ ಆರು ವಾರ.'

ಗುಣಮಟ್ಟ ವಿಭಾಗದ ಈಜಿಪ್ಟಿನ ಹಾತಿಮ್ ಮಾತ್ರ ಪೂರ್ತಿ ಓದಿದ್ದ: 'ಎಬೆನೀಜರನ ಮೂಲ ಸರ್ಟಿಫಿಕೇಟ್ ಇಲ್ಲದೆ ಅವನ ಕೆಳಗಿನ ಯಾವ ಭಾಗವನ್ನೂ ಬಳಸತಕ್ಕದ್ದಲ್ಲ.'

ಇದು ಏನು, ಇಲ್ಲಿಗೇಕೆ ಬಂತು ಎಂದು ನಲವತ್ತಮೂರು ಮಂದಿಯಲ್ಲಿ ಒಬ್ಬನೂ ಕೇಳಲಿಲ್ಲ. ದೊಡ್ಡ ಕೆಲಸಗಳು ನಡೆಯುವುದೇ ಹೀಗೆ.

ಹನ್ನೊಂದಕ್ಕೆ ಕ್ರಾಬ್‌ವೆಲ್ ಬಂದರು. ಬಾಗಿಲು ತೆರೆಯುವ ಮೊದಲೇ ಧ್ವನಿ ಒಳಗಿತ್ತು.

"ನನ್ನ ಮುತ್ತಜ್ಜನ ಮುತ್ತಜ್ಜನಿಗೆ ಅಪ್ಪ ಯಾರೆಂದು ನಾನು ಪೈಪಿಂಗ್ ವಿಭಾಗಕ್ಕೆ ಉತ್ತರ ಕೊಡಬೇಕಾ?"

"ಪೈಪಿಂಗ್ ಅಲ್ಲ ಸರ್, ಕ್ವಾಲಿಟಿಗೆ."

"ನನ್ನ ಮೇಲೆ ರದ್ದು ಸೀಲು ಹೊಡೆದಿದ್ದೀಯ!"

"ನಿಮ್ಮ ಮೇಲೆ ಅಲ್ಲ ಸರ್, ಶಾಖೆಯ ಮೇಲೆ. ಬೇಸರ ಮಾಡಬೇಡಿ. ಮಗನ ಮಕ್ಕಳಿಗೂ ಮನೆಯಲ್ಲಿ ಮರ್ಯಾದೆ ಉಂಟು. ಊಟಕ್ಕೆ ಮೊದಲ ಸಾಲಿನಲ್ಲೇ ಕೂರಿಸ್ತಾರೆ. ಬೀಗದ ಕೈ ಮಾತ್ರ ಕೊಡುವುದಿಲ್ಲ."

"ಕೂಡಲೇ ವಾಪಸು ತೆಗೆ. ಮತ್ತು ನಿನ್ನ ರಜೆ..."

ರಜೆಗೆ ಏನಾಗಬೇಕೆಂಬುದು ಹೊರಬರಲಿಲ್ಲ. ಬಾಗಿಲಲ್ಲಿ ಲೊರೇನ್ ಡಗ್ಗನ್ ನಿಂತಿದ್ದಳು. ಐದಡಿ ಎತ್ತರ, ತಲೆಯ ಮೇಲೆ ಹೆಲ್ಮೆಟ್, ಕೈಯಲ್ಲಿ ಎಫ್‌ಎಎಂ ೦೦೦೧.

"ವಾಪಸು ತೆಗೆಯಲಾಗುವುದಿಲ್ಲ ಡ್ವೈಟ್," ಎಂದಳು. "ಒಪ್ಪಿಗೆಗೆ ಕಳಿಸಿದ್ದನ್ನು ಕ್ಲೈಂಟ್ ಅನುಮತಿಯಿಲ್ಲದೆ ತೆಗೆಯುವ ಹಾಗಿಲ್ಲ. ಆ ನಿಯಮದ ಕೆಳಗೆ ನಿಮ್ಮದೇ ಸಹಿಯಿದೆ." ಆಮೇಲೆ ತನಿಯಪ್ಪನತ್ತ ತಿರುಗಿದಳು. "ಇದನ್ನು ಮಾಡಿದ್ದು ನೀವಾ? ನನ್ನ ಅಮ್ಮ ಸಾಯುವ ತನಕ ಈ ಸಾಲನ್ನು ಹುಡುಕಿದಳು. ಎಲ್ಲ ಪುಸ್ತಕಗಳಲ್ಲೂ ಹೆಂಗಸರು ಮದುವೆಯಾದ ಪುಟಕ್ಕೇ ಮುಗಿದುಹೋಗುತ್ತಾರೆ."

"ನಮ್ಮಲ್ಲಿ ಗಂಡಸರು ಮುಗಿಯುತ್ತಾರೆ ಮೇಡಂ," ಎಂದ ತನಿಯಪ್ಪ.

ಕ್ರಾಬ್‌ವೆಲ್ ಗುಡುಗಿದರು. "ಈ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ಸಂಘಕ್ಕೆ ನಾನೇ ಬೇರೆ ಅರ್ಜಿ ಹಾಕುತ್ತೇನೆ."

"ಹಾಕಿ. ಪರಿಶೀಲನೆಗೆ ನನ್ನ ಬಳಿಗೇ ಬರುತ್ತದೆ. ಅಪ್ಪನ ಕಡೆಯ ಲೆಕ್ಕದಲ್ಲಿ ಸಂಘ ಸೇರಿ, ಹನ್ನೊಂದು ವರ್ಷದಿಂದ ಅದರ ಪರಿಶೀಲನಾ ಸಮಿತಿಯಲ್ಲಿದ್ದೇನೆ." ಅವಳು ಮೋಡದ ಆಕಾರದ ಮೇಲೆ ಬೆರಳಿಟ್ಟಳು. "ಎಬೆನೀಜರನ ಬಗ್ಗೆ ನಾನೂ ಇದನ್ನೇ ಕೇಳಬೇಕಾಗುತ್ತದೆ."

ಮನುಷ್ಯನ ದನಿ ಎಷ್ಟು ಬೇಗ ಇಳಿಯಬಲ್ಲದು ಎಂಬುದನ್ನು ತನಿಯಪ್ಪ ಅಂದು ಕಣ್ಣಾರೆ ಕಂಡ. ಕ್ರಾಬ್‌ವೆಲ್ ಕುರ್ಚಿ ಎಳೆದು ಡಗ್ಗನ್‌ಗೆ ಕೊಟ್ಟರು. 'ಕಸಿನ್ ಲೊರೇನ್' ಎಂದರು. ಕಪಾಟಿನ ಮೇಲೆ ಧೂಳು ಹಿಡಿದಿದ್ದ ತಮ್ಮ ಹೆಲ್ಮೆಟ್ ತೆಗೆದು, ಎಸಿ ಕೋಣೆಯಲ್ಲಿ, ಛಾವಣಿಯಿಂದ ಏನೂ ಬೀಳುವ ಸೂಚನೆಯಿಲ್ಲದಿದ್ದರೂ, ತಲೆಗೆ ಹಾಕಿಕೊಂಡರು.

ಡಗ್ಗನ್ ಹೋಗುವ ಮುಂಚೆ ಹಾಳೆಯ ಮೇಲೆ ಸಹಿ ಹಾಕಿದಳು. ಕೋಡ್ ಒಂದು: ಒಪ್ಪಿದೆ. ಕೆಳಗೆ ಒಂದು ಸಾಲು: 'ಕ್ರಾಬ್‌ವೆಲ್ ಶಾಖೆಯನ್ನು ಚುಕ್ಕೆಗೆರೆಯಲ್ಲಿ ಉಳಿಸಬಹುದು. ಸೌಜನ್ಯಕ್ಕೆ.'

ತನಿಯಪ್ಪ ಆ ಸಹಿಯನ್ನು ಸುಮಾರು ಐದು ನಿಮಿಷ ನೋಡಿದ. ಅವನ ತಲೆ ನಿಧಾನ, ಆದರೆ ನಿಂತುಹೋಗುವಂಥದ್ದಲ್ಲ. ಎದ್ದು ಎಚ್‌ಆರ್‌ಗೆ ನಡೆದ.

"ಪುನಃ ಬಂದ್ರಾ ತನಿಯಣ್ಣ?" ಎಂದು ಸುಮಿತ್ ನಿಯಮ ಪುಸ್ತಕದತ್ತ ಕೈ ಚಾಚಿದ.

ತನಿಯಪ್ಪ ನಾಲ್ಕನೆಯ ಅರ್ಜಿಯನ್ನು ಇಟ್ಟ. ಕಾರಣ: ತಂಗಿಯ ಮಗಳ ಮದುವೆ. ಲಗತ್ತು: ಎಫ್‌ಎಎಂ ೦೦೦೧, ಕ್ಲೈಂಟ್ ಒಪ್ಪಿದ್ದು. "ಟಿಪ್ಪಣಿ ಮೂರು ಓದು," ಎಂದ.

ಸುಮಿತ್ ಓದಿದ. ಸಹಿ ನೋಡಿದ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಓದಿದ.

"'ಹಾಜರಿರತಕ್ಕದ್ದು' ಅಂತ ಉಂಟಲ್ಲ ಮಾರ್ರೆ," ಎಂದ, ಸ್ವಲ್ಪ ಹೆದರಿ. "ಹೋಗಬಹುದು ಅಂತ ಅಲ್ಲ. ಹೋಗಲೇಬೇಕು. ನೀವು ಹೋಗದಿದ್ರೆ ನಾವು ಕಾಂಟ್ರಾಕ್ಟ್ ಮುರಿದ ಹಾಗೆ ಆಗ್ತದೆ."

"ಅದಕ್ಕೇ ಬಂದದ್ದು ನಾನು."

ಸುಮಿತ್ ಕಣ್ಣು ಮುಚ್ಚಲಿಲ್ಲ, ಆದರೆ ಸೀಲು ಹಾಕಿದ. ಸಹಿಗೆಂದು ಅರ್ಜಿ ಕ್ರಾಬ್‌ವೆಲ್ಲರ ಮೇಜಿಗೆ ಹೋಯಿತು. ಅವರು ಹೆಲ್ಮೆಟ್ ಹಾಕಿಕೊಂಡೇ ಸಹಿ ಮಾಡಿದರು. ಈ ಸಲ ಲೋಟ ಇಡಲಿಲ್ಲ.

ಮದುವೆಯ ದಿನ ಮಂಟಪದ ಬಾಗಿಲಲ್ಲಿ ಅಮಿತಾಳ ಕೈ ಹಿಡಿದು ನಿಂತಿದ್ದಾಗ ತನಿಯಪ್ಪನ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಸುಮಿತ್.

"ತನಿಯಣ್ಣ, ಒಂದೇ ನಿಮಿಷ. ನೀವು ಹೋದ ಮೇಲೆ ಹತ್ತೊಂಬತ್ತು ರಜೆ ಅರ್ಜಿ ಬಂತು. ಎಲ್ಲರಿಗೂ ತಂಗಿಯ ಮಗಳ ಮದುವೆ. ಎಲ್ಲರದ್ದೂ ಲಗತ್ತು ಎಫ್‌ಎಎಂ ೦೦೦೧. ಹಾತಿಮ್‌ಗೆ ತಂಗಿಯೇ ಇಲ್ಲ, ಒಬ್ಬಳನ್ನು ಹುಡುಕ್ತಾ ಇದ್ದೇನೆ ಅಂತಾನೆ. ಕಾಗದ ಎಲ್ಲ ಸರಿ ಉಂಟು. ಎಂತ ಮಾಡ್ಲಿ?"

"ಸಾಹೇಬರನ್ನು ಕೇಳು."

"ಹತ್ತೊಂಬತ್ತನೆಯದು ಸಾಹೇಬರದ್ದೇ! ಒಹಾಯೋದಲ್ಲಿ ಅಕ್ಕನ ಮಗಳು. ಅವಳಿಗೆ ಮದುವೆಯಾಗಿ ಎರಡು ಮಕ್ಕಳುಂಟಂತೆ. ಇಪ್ಪತ್ತು ವರ್ಷದಿಂದ ನೋಡಿಲ್ಲ, ಹಾಜರಿ ಬಾಕಿ ಉಂಟು ಅಂತ ಬರೆದಿದ್ದಾರೆ."

"ಅಣ್ಣಾ, ಮುಹೂರ್ತ!" ಎಂದು ಆಶಾಲತಾ ಹಿಂದಿನಿಂದ ತಿವಿದಳು. "ಆ ಫೋನನ್ನು ಬಾವಿಗೆ ಹಾಕು."

"ಬಾಣದ ಗುರುತು ಹಾಕಿ ರಿವಿಜನ್ ಒಂದು ಕಳಿಸ್ತೇನೆ ಅಂತ ಹೇಳು," ಎಂದು ತನಿಯಪ್ಪ ಫೋನು ಆಫ್ ಮಾಡಿ, ಅಮಿತಾಳ ಕೈ ಹಿಡಿದು ಮಂಟಪದ ಮೆಟ್ಟಿಲು ಹತ್ತಿದ.

ದೂಮಣ್ಣ ಹೊಸ ಬಿಳಿ ಅಂಗಿ ತೊಟ್ಟು ಬೆಳಿಗ್ಗೆಯಿಂದಲೇ ಅಲ್ಲಿದ್ದ. ಹೊಲಿಸಿದ ಅಂಗಿ ವ್ಯರ್ಥವಾಗಬಾರದಲ್ಲ ಎಂದು ತನಿಯಪ್ಪನೇ ಹೇಳಿ ಅವನನ್ನು ಫೋಟೋದಲ್ಲಿ ಬದಿಗೆ ನಿಲ್ಲಿಸಿದ. ಚುಕ್ಕೆಗೆರೆಯಲ್ಲಿ. ಸೌಜನ್ಯಕ್ಕೆ.